ಎರಡು ಹೋಳಿನ ಕೀಬೋರ್ಡ್ ತಗೊಂಡರೆ ಕೈನೋವು ಹೋಗುತ್ತದೆಯೇ?

ಪ್ರಶ್ನೆ: ನನಗೆ 41 ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿ, ಮನೆಯಿಂದಲೇ ಅನುವಾದ ಮತ್ತು ಸಬ್‌ಟೈಟಲ್ ಕೆಲಸ ಮಾಡುತ್ತೇನೆ. ದಿನಕ್ಕೆ ಆರೇಳು ಗಂಟೆ ಟೈಪಿಂಗ್. ಮುಕ್ಕಾಲು ಪಾಲು ಕನ್ನಡ, ಅದೂ ನುಡಿ ತಂತ್ರಾಂಶದಲ್ಲಿ. ಕಂಪನಿ ಕೊಟ್ಟ ಲ್ಯಾಪ್‌ಟಾಪ್, ಊಟದ ಮೇಜು, ಪ್ಲಾಸ್ಟಿಕ್ ಕುರ್ಚಿ. ದೀಪಾವಳಿ ಕಳೆದ ಮೇಲೆ ಎಡಗೈ ಮಣಿಕಟ್ಟಿನ ಹೊರಬದಿ ಮತ್ತು ಕಿರುಬೆರಳಿನ ಬುಡ ನೋಯಲು ಶುರುವಾಯಿತು. ಸಂಜೆ ಹೊತ್ತಿಗೆ ಮೊಣಕೈವರೆಗೂ ಸೆಳೆತ. ಒಮ್ಮೊಮ್ಮೆ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಸೀಸನ್ ಆದ್ದರಿಂದ ರಾತ್ರಿ ಮನೆಯವರ ಜೊತೆ ಅಡಿಕೆ ಸುಲಿಯಲೂ ಕೂರುತ್ತೇನೆ. ನೆಟ್‌ನಲ್ಲಿ ನೋಡಿದರೆ ಕಾರ್ಪಲ್ ಟನಲ್ ಅಂತ ಬರುತ್ತದೆ. ಬೆಂಗಳೂರಿನಲ್ಲಿರುವ ತಮ್ಮ, "36 ಕೀಗಳ ಎರಡು ಹೋಳಿನ ಕೀಬೋರ್ಡ್ ತಗೋ, ಕ್ವರ್ಟಿ ಅನ್ನೋ ಮಾಮೂಲಿ ಅಕ್ಷರ ಜೋಡಣೆ ಬಿಟ್ಟು ಕೋಲ್‌ಮ್ಯಾಕ್ ಜೋಡಣೆ ಕಲಿ, ನೋವು ಹೋಗುತ್ತೆ" ಅಂತಾನೆ. ಅದರಲ್ಲಿ ಕನ್ನಡ ಬರುತ್ತದೆಯೇ? ಆಫೀಸ್ ಲ್ಯಾಪ್‌ಟಾಪಿನಲ್ಲಿ ಏನೂ ಇನ್‌ಸ್ಟಾಲ್ ಮಾಡುವ ಹಾಗಿಲ್ಲ. ನಮ್ಮ ಮಳೆಗೆ ಅದು ತಡೆಯುತ್ತದೆಯೇ? ಕೆಟ್ಟರೆ ಇಲ್ಲಿ ಯಾರು ರಿಪೇರಿ ಮಾಡುತ್ತಾರೆ? ಅಷ್ಟು ದುಡ್ಡು ಸುರಿದು ಆಮೇಲೆ ಮೂಲೆಗಿಡುವ ಹಾಗಾದರೆ ಎಂಬ ಭಯ.

ಉತ್ತರ: ಪ್ರಶ್ನೆ ಕೀಬೋರ್ಡಿನದಾದರೂ ಅದರ ಹಿಂದಿರುವ ಆತಂಕ ಕೈಯದು. ಈ ನೋವು ಹೀಗೇ ಬೆಳೆದು ಕೆಲಸವೇ ಕೈತಪ್ಪಿದರೆ ಎಂಬ ಆತಂಕ. ನೀವು ಬರೆದಿರುವ ಮಟ್ಟದ ನೋವು, ಅದರ ಕಾರಣಗಳನ್ನು ಹುಡುಕಿ ಸರಿಪಡಿಸಿದರೆ, ಹೆಚ್ಚಿನವರಲ್ಲಿ ಇಳಿಯುತ್ತದೆ. ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್ ಆಗಿ ನಾನು ನೋಡುವ ಕೈಗಳಲ್ಲಿ ದುರ್ಗಿಗುಡಿಯ ಡಿಟಿಪಿ ಅಂಗಡಿಯವರದೂ ಇವೆ, ಕೋರ್ಟಿನ ಟೈಪಿಸ್ಟರದೂ ಇವೆ, ಮನೆಯಿಂದ ಕೆಲಸ ಮಾಡುವ ಸಾಫ್ಟ್‌ವೇರಿನವರದೂ ಇವೆ. ಆ ಅನುಭವದಿಂದ ಹೇಳುವುದಾದರೆ, ನಿಮ್ಮ ತಮ್ಮನ ಸಲಹೆಯಲ್ಲಿ ಅರ್ಧವನ್ನು ಒಪ್ಪುತ್ತೇನೆ. ಕೀಬೋರ್ಡ್ ಎರಡು ಹೋಳಾಗುವುದರಿಂದ ನಿಮಗೆ ಅನುಕೂಲವಿದೆ. ಅಕ್ಷರಗಳ ಜಾಗ ಬದಲಿಸುವ ಅಗತ್ಯ ಮಾತ್ರ ಇಲ್ಲ. ನಿಮ್ಮ ವಿಷಯದಲ್ಲಿ ಜಾಗ ಬದಲಾಗಬೇಕಾದ್ದು ಶಿಫ್ಟ್ ಕೀ.

ಮೊದಲು ಕಾರ್ಪಲ್ ಟನಲ್ ಭಯವನ್ನು ನೋಡೋಣ. ಕೈಗೆ ಸಂಬಂಧಿಸಿ ಏನು ಹುಡುಕಿದರೂ ನೆಟ್ ಮೊದಲು ತೋರಿಸುವುದು ಇದನ್ನೇ. ಕಾರ್ಪಲ್ ಟನಲ್‌ನಲ್ಲಿ ಒತ್ತಡಕ್ಕೆ ಸಿಗುವುದು ಮಣಿಕಟ್ಟಿನ ನಡುವೆ ಹಾದುಹೋಗುವ ಮೀಡಿಯನ್ ನರ. ಅದರ ಜೋಮು ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಕ್ಕೆ ಬರುತ್ತದೆ. ರಾತ್ರಿ ಎಚ್ಚರವಾಗಿ ಕೈ ಕೊಡವಿಕೊಳ್ಳಬೇಕು ಅನಿಸುತ್ತದೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇದ್ದವರಿಗೆ, ಗರ್ಭಿಣಿಯರಿಗೆ ಇದು ಹೆಚ್ಚು. ಬಲ ಹಾಕಿ ಹಿಡಿಯುವ ಮತ್ತು ಅದುರುವ ಯಂತ್ರಗಳ ಕೆಲಸಕ್ಕೂ ಇದಕ್ಕೂ ಇರುವ ನಂಟು ಸ್ಪಷ್ಟವಾಗಿದೆ. ಟೈಪಿಂಗಿನ ಜೊತೆಗಿನ ನಂಟು ಜನ ಅಂದುಕೊಂಡಷ್ಟು ಗಟ್ಟಿಯಲ್ಲ.

ನಿಮಗೆ ಜೋಮು ಬರುತ್ತಿರುವುದು ಕಿರುಬೆರಳು, ಉಂಗುರಬೆರಳಿಗೆ. ಅದು ಅಲ್ನಾರ್ ನರದ ದಾರಿ. ಮೊಣಕೈಯ ಒಳಮೂಳೆ ಎಲ್ಲಿಗಾದರೂ ತಾಗಿದರೆ ಕರೆಂಟ್ ಹೊಡೆದ ಹಾಗಾಗುತ್ತದಲ್ಲ, ಆ ನರವೇ ಇದು. ಅಲ್ಲಿ ಅದು ಚರ್ಮದ ಕೆಳಗೇ ಇರುತ್ತದೆ, ಮೇಲೆ ಮಾಂಸದ ಹೊದಿಕೆ ಇಲ್ಲ. ಮೊಣಕೈಯನ್ನು ಮೇಜಿನ ಅಂಚಿಗೆ ಊರಿ ಕೂತರೆ, ಮಡಚಿದ ಕೈಯಲ್ಲಿ ಬಹಳ ಹೊತ್ತು ಫೋನ್ ಹಿಡಿದರೆ, ಕೈ ಮಡಚಿ ತಲೆ ಕೆಳಗಿಟ್ಟು ಮಲಗಿದರೆ ಅದು ಒತ್ತಿಕೊಳ್ಳುತ್ತದೆ. ಅಂಗೈಯ ಹಿಂಬದಿಯನ್ನು ಲ್ಯಾಪ್‌ಟಾಪಿನ ಚೂಪು ಅಂಚಿಗೆ ಊರಿದರೂ ಮಣಿಕಟ್ಟಿನ ಹತ್ತಿರ ಇದೇ ನರಕ್ಕೆ ಪೆಟ್ಟು. ಮಣಿಕಟ್ಟಿನ ಹೊರಬದಿಯ ನೋವು ಬೇರೆ ಸಂಗತಿ. ಅದು ಸಾಮಾನ್ಯವಾಗಿ ಸ್ನಾಯುರಜ್ಜುವಿನ ದಣಿವು. ಎರಡೂ ಒಟ್ಟಿಗೆ ಬಂದಿರುವುದರಿಂದ ಕಾರಣಗಳೂ ಒಂದಕ್ಕಿಂತ ಹೆಚ್ಚು ಇರಬೇಕು. ಪತ್ರ ಓದಿ ರೋಗನಿರ್ಣಯ ಮಾಡಲಾಗದು. ಜೋಮು ಬಂದುಹೋಗುವುದು ಬಿಟ್ಟು ಇಡೀ ದಿನ ಉಳಿದರೆ, ಕೈಯಿಂದ ಲೋಟ ಜಾರತೊಡಗಿದರೆ, ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸ ಇಳಿದಂತೆ ಕಂಡರೆ, ಕೀಬೋರ್ಡ್ ವಿಚಾರ ಬದಿಗಿಟ್ಟು ಮೂಳೆ ಅಥವಾ ನರರೋಗ ವೈದ್ಯರಲ್ಲಿ ತೋರಿಸಿ. ನರದ ವೇಗ ಅಳೆಯುವ ಪರೀಕ್ಷೆ ಬೇಕೇ ಎಂದು ಅವರು ಹೇಳುತ್ತಾರೆ. ಅಲ್ಲಿಯವರೆಗೆ ಕಾಯುವುದು ಬೇಡ ಅನಿಸಿದರೂ ಹೋಗಿ ಬನ್ನಿ, ತಪ್ಪೇನಿಲ್ಲ.

ಇನ್ನು ಅಡಿಕೆ. ನೀವು ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ನೋವು ಶುರುವಾದದ್ದು ದೀಪಾವಳಿ ಕಳೆದ ಮೇಲೆ, ಅಂದರೆ ಕೊನೆಕೊಯ್ಲಿನ ಹೊತ್ತಿಗೆ. ಲ್ಯಾಪ್‌ಟಾಪ್ ಅದಕ್ಕೂ ಮೊದಲೇ ಇತ್ತು. ಹಸಿ ಕಾಯಿಯನ್ನು ಕತ್ತಿಗೆ ಒತ್ತಿ, ತಿರುಚಿ, ಸಿಪ್ಪೆ ಬಿಡಿಸುವಾಗ ಹಿಡಿತ ಬಿಗಿ, ಮಣಿಕಟ್ಟು ಓರೆ, ಅದೇ ಚಲನೆ ಸಾವಿರಾರು ಸಲ. ಹಗಲಿಡೀ ಟೈಪ್ ಮಾಡಿ ದಣಿದ ಸ್ನಾಯುಗಳೇ ರಾತ್ರಿ ಮತ್ತೆ ದುಡಿಯುತ್ತವೆ, ಚೇತರಿಸಿಕೊಳ್ಳಲು ಸಮಯವೇ ಇಲ್ಲ. ನವೆಂಬರಿನಿಂದ ಜನವರಿವರೆಗೆ ಇಂಥ ಕೈಗಳು ನಮ್ಮಲ್ಲಿಗೆ ಹೆಚ್ಚು ಬರುತ್ತವೆ, ಅದರಲ್ಲೂ ಹಗಲು ಕಂಪ್ಯೂಟರ್, ರಾತ್ರಿ ಚಪ್ಪರದ ಕೆಳಗೆ ಕೂರುವ ಹೆಂಗಸರವು. ಮನೆಯ ಸುಗ್ಗಿ ಕೆಲಸ ಬಿಡಿ ಎಂದು ಹೇಳುವುದು ಸುಲಭ, ಬಿಡುವುದು ಸುಲಭವಲ್ಲ ಎಂದು ಗೊತ್ತಿದೆ. ಈ ಸಲ ಸುಲಿಯುವುದರ ಬದಲು ಬೇಯಿಸುವುದೋ, ಹರಡುವುದೋ, ಲೆಕ್ಕ ಬರೆಯುವುದೋ, ಕೈಗೆ ಬೇರೆ ಕೆಲಸ ಬದಲಾಯಿಸಿಕೊಳ್ಳಿ. ಸುಲಿಯಲೇಬೇಕಾದರೆ ಟೈಪಿಂಗ್ ಕಡಿಮೆ ಇರುವ ದಿನ ಕೂರಿ. ಇದನ್ನು ಮಾಡದೆ ಎಂಥ ದುಬಾರಿ ಕೀಬೋರ್ಡ್ ತಂದರೂ, ನೋವು ಇಳಿದರೆ ಕೀಬೋರ್ಡಿನಿಂದ ಇಳಿಯಿತೋ ಸೀಸನ್ ಮುಗಿದದ್ದರಿಂದ ಇಳಿಯಿತೋ ನಿಮಗೇ ಗೊತ್ತಾಗುವುದಿಲ್ಲ.

ಮೇಜಿನ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಪರಿಹಾರ ಸರಳ. ಊಟದ ಮೇಜು ಸುಮಾರು 75 ಸೆಂ.ಮೀ. ಎತ್ತರ ಇರುತ್ತದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಹೆಚ್ಚಿನ ಹೆಂಗಸರ ಮೊಣಕೈ ಅದಕ್ಕಿಂತ ಕೆಳಗೆ ಬರುತ್ತದೆ. ಆಗ ಭುಜ ಮೇಲೇರುತ್ತದೆ, ಮುಂಗೈ ಮೇಜಿನ ಅಂಚಿಗೆ ಒತ್ತುತ್ತದೆ, ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ ಮೊಣಕೈ ಮೇಜಿನ ಮಟ್ಟಕ್ಕೆ ಬರುವಂತೆ ಏರಿಸಿಕೊಳ್ಳಿ. ಕಾಲು ತೂಗಿದರೆ ಕೆಳಗೆ ಒಂದು ಮಣೆ ಇಡಿ. ಮೇಜಿನ ಅಂಚಿಗೆ ಮಡಚಿದ ಟವೆಲ್ ಹಾಕಿ. ಇಷ್ಟು ಇವತ್ತೇ ಆಗುವ ಕೆಲಸ.

ಈಗ ಶಿಫ್ಟ್. ಎರಡು ಹೋಳಿನ ಕೀಬೋರ್ಡುಗಳ ಬಗ್ಗೆ ಸಿಗುವ ಸಲಹೆಗಳೆಲ್ಲ ಹೆಚ್ಚುಕಡಿಮೆ ಇಂಗ್ಲಿಷ್ ಟೈಪ್ ಮಾಡುವವರು ಇಂಗ್ಲಿಷ್ ಟೈಪ್ ಮಾಡುವವರಿಗಾಗಿ ಬರೆದದ್ದು. ಇಂಗ್ಲಿಷಿನಲ್ಲಿ ಶಿಫ್ಟ್ ಬೇಕಾಗುವುದು ವಾಕ್ಯದ ಆರಂಭಕ್ಕೆ, ಹೆಸರುಗಳಿಗೆ, ಕೆಲವು ಚಿಹ್ನೆಗಳಿಗೆ. ನುಡಿಯಲ್ಲಿ ಹಾಗಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಈ ಕೀಲಿಮಣೆ ಇಡೀ ವರ್ಣಮಾಲೆಯನ್ನು 26 ಇಂಗ್ಲಿಷ್ ಅಕ್ಷರಗಳ ಕೀಗಳಲ್ಲೇ ಕೂರಿಸಿದೆ. ಕಲಿಯಲು ಇಷ್ಟು ಸುಲಭವಾದದ್ದು ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಅದಕ್ಕೆ ತೆರುವ ಬೆಲೆ ಶಿಫ್ಟ್. ದೀರ್ಘಸ್ವರ, ಮಹಾಪ್ರಾಣ, ಣ, ಳ, ಶ, ಅನುಸ್ವಾರ, ಎಲ್ಲಕ್ಕೂ ಶಿಫ್ಟ್ ಬೇಕು. ನಿಮ್ಮ ಊರಿನ ಹೆಸರನ್ನೇ ಟೈಪ್ ಮಾಡಿ ನೋಡಿ. ತೀರ್ಥಹಳ್ಳಿ: ತ, ಈ, ರ, ಒತ್ತು, ಥ, ಹ, ಳ, ಒತ್ತು, ಳ, ಇ. ಹತ್ತು ಹೊಡೆತ, ಅದರಲ್ಲಿ ನಾಲ್ಕಕ್ಕೆ ಶಿಫ್ಟ್. ಆಗುಂಬೆಗೆ ಆರು ಹೊಡೆತದಲ್ಲಿ ಎರಡು ಶಿಫ್ಟ್. ಹೊಸನಗರಕ್ಕೆ ಒಂದೂ ಬೇಡ, ಅಂಥ ಪದಗಳೂ ಇವೆ. ಆದರೆ ಒಂದು ಪುಟದ ಲೆಕ್ಕ ಹಿಡಿದರೆ ಶಿಫ್ಟ್ ಒತ್ತಿದ್ದು ಇಂಗ್ಲಿಷ್ ಪುಟಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಇದರಲ್ಲಿ ಕೈಗೆ ಎಲ್ಲಕ್ಕಿಂತ ಕಷ್ಟ ಕೊಡುವುದು ಆ ಅಕ್ಷರ ಮತ್ತು ಅದರ ದೀರ್ಘಚಿಹ್ನೆ. ಅದು ಇರುವುದು ಇಂಗ್ಲಿಷಿನ ಎ (A) ಕೀಯಲ್ಲಿ, ಶಿಫ್ಟ್ ಜೊತೆ. ಎ ಕೀಯೂ ಎಡ ಕಿರುಬೆರಳಿನದು, ಎಡ ಶಿಫ್ಟೂ ಅದೇ ಕಿರುಬೆರಳಿನದು. ಒಂದೇ ಬೆರಳಿಗೆ ಎರಡು ಕೆಲಸ. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಜೂನಿಯರ್, ಸೀನಿಯರ್ ಮುಗಿಸಿದವರು ಎಡಗೈ ಅಕ್ಷರಕ್ಕೆ ಬಲಗೈ ಶಿಫ್ಟ್ ಒತ್ತುತ್ತಾರೆ. ಹಾಗೆ ಕಲಿಯದವರು ಏನು ಮಾಡುತ್ತಾರೆ ಎಂದು ಪಕ್ಕದಲ್ಲಿ ಕೂತು ನೋಡಿದ್ದೇನೆ. ಕಿರುಬೆರಳು ಕೆಳಗಿಳಿದು ಶಿಫ್ಟನ್ನು ಅದುಮಿ ಹಿಡಿಯುತ್ತದೆ, ಉಂಗುರಬೆರಳು ಎ ಕಡೆಗೆ ಹೊರಳುತ್ತದೆ, ಇಡೀ ಅಂಗೈ ಹೊರಕ್ಕೆ ತಿರುಗುತ್ತದೆ. ಮಣಿಕಟ್ಟು ಕಿರುಬೆರಳಿನ ಕಡೆಗೆ ವಾಲುತ್ತದೆ. ಕನ್ನಡದಲ್ಲಿ ದೀರ್ಘ ಬಾರದ ಸಾಲು ಎಲ್ಲಿದೆ? ನಿಮ್ಮ ನೋವು ಇರುವುದೂ ಎಡಗೈಯಲ್ಲಿ, ಹೊರಬದಿಯಲ್ಲಿ, ಕಿರುಬೆರಳಿನ ಬುಡದಲ್ಲಿ. ಒಂದು ಪ್ಯಾರಾ ಟೈಪ್ ಮಾಡುವಾಗ ಫೋನನ್ನು ಎದುರಿಗೆ ನಿಲ್ಲಿಸಿ ನಿಮ್ಮ ಎಡಗೈಯ ವಿಡಿಯೋ ತೆಗೆಯಿರಿ. ನಾನು ಹೇಳಿದ್ದು ನಿಮಗೆ ಹೊಂದುತ್ತದೋ ಇಲ್ಲವೋ ಅಲ್ಲೇ ಕಾಣುತ್ತದೆ.

ಕಂಡರೆ, ಒಂದು ರೂಪಾಯಿ ಖರ್ಚಿಲ್ಲದ ಉಪಾಯವೊಂದಿದೆ. ವಿಂಡೋಸ್‌ನಲ್ಲಿ ಸ್ಟಿಕಿ ಕೀಸ್ ಎಂಬ ಸೌಲಭ್ಯವಿದೆ. ಶಿಫ್ಟನ್ನು ಐದು ಸಲ ಒತ್ತಿದರೆ ಬೇಕೇ ಎಂದು ಕೇಳುತ್ತದಲ್ಲ, ಎಲ್ಲರೂ ಕಿರಿಕಿರಿಯಿಂದ ಬೇಡ ಅನ್ನುತ್ತಾರಲ್ಲ, ಅದೇ. ಅದನ್ನು ಆನ್ ಮಾಡಿದರೆ ಶಿಫ್ಟನ್ನು ಹಿಡಿದಿರಬೇಕಾಗಿಲ್ಲ. ಒಮ್ಮೆ ಒತ್ತಿ ಬಿಡಿ, ಆಮೇಲೆ ಅಕ್ಷರ ಒತ್ತಿ. ಆ ಒಂದು ಅಕ್ಷರಕ್ಕೆ ಮಾತ್ರ ಅನ್ವಯಿಸಿ ಶಿಫ್ಟ್ ತಾನಾಗಿ ಬಿಡುತ್ತದೆ. ಎರಡು ಸಲ ಒತ್ತಿದರೆ ಲಾಕ್ ಆಗುತ್ತದೆ, ಇನ್ನೊಮ್ಮೆ ಒತ್ತಿದರೆ ಬಿಡುತ್ತದೆ. ಇದು ವಿಂಡೋಸ್ ಜೊತೆಗೇ ಬರುವುದು, ಇನ್‌ಸ್ಟಾಲ್ ಮಾಡುವ ಪ್ರಶ್ನೆಯಿಲ್ಲ. ಮೊದಮೊದಲು ತಾಳ ತಪ್ಪುತ್ತದೆ. ರೂಢಿಯಾದ ಮೇಲೆ ಮಣಿಕಟ್ಟಿನ ಆ ತಿರುಚು ನಿಲ್ಲುತ್ತದೆ. ಎರಡು ಮೂರು ವಾರ ಹೀಗೆ ಮಾಡಿ, ಅಡಿಕೆಯನ್ನೂ ದೂರವಿಟ್ಟು, ಕುರ್ಚಿ ಏರಿಸಿ ನೋಡಿ. ನೋವು ಗಣನೀಯವಾಗಿ ಇಳಿದರೆ ದುಡ್ಡಿನ ನಿರ್ಧಾರವನ್ನು ನಿಧಾನವಾಗಿ ತೆಗೆದುಕೊಳ್ಳಬಹುದು.

ಹಾಗಾದರೆ ಎರಡು ಹೋಳಿನ ಕೀಬೋರ್ಡ್ ಯಾಕೆ ಬೇಕು? ಸಾಮಾನ್ಯ ಕೀಬೋರ್ಡಿನಲ್ಲಿ ಎರಡೂ ಕೈ ಎದೆಯ ಮುಂದೆ ಒಂದೇ ಕಡೆ ಸೇರುತ್ತವೆ. ಮುಂಗೈ ಭುಜದಿಂದ ಒಳಮುಖವಾಗಿ ಬರುತ್ತದೆ, ಆದರೆ ಕೀಗಳ ಸಾಲು ನೇರ. ಅದಕ್ಕೆ ಹೊಂದಿಕೊಳ್ಳಲು ಮಣಿಕಟ್ಟು ಹೊರಕ್ಕೆ ವಾಲಲೇಬೇಕು. ಅಂಗೈ ಪೂರ್ತಿ ಕೆಳಮುಖ ಆಗಬೇಕಾದ್ದರಿಂದ ಮುಂಗೈಯ ಎರಡು ಮೂಳೆಗಳು ಒಂದರ ಮೇಲೊಂದು ತಿರುಚಿಕೊಳ್ಳುತ್ತವೆ. ಹೋಳು ಮಾಡಿ ಭುಜದ ಅಗಲಕ್ಕೆ ಇಟ್ಟರೆ ವಾಲುವುದು ಕಡಿಮೆಯಾಗುತ್ತದೆ. ಹೆಬ್ಬೆರಳಿನ ಕಡೆಯನ್ನು ಸ್ವಲ್ಪ ಎತ್ತರಿಸಿ ಓರೆಯಾಗಿಟ್ಟರೆ ತಿರುಚು ಕಡಿಮೆಯಾಗುತ್ತದೆ. ಇದಕ್ಕೆ ಟೆಂಟಿಂಗ್ ಎನ್ನುತ್ತಾರೆ. ಇದು ಹೊಸ ಹುಚ್ಚೇನಲ್ಲ. ಬ್ರಿಟನ್ನಿನಲ್ಲಿ ಲಿಲಿಯನ್ ಮಾಲ್ಟ್ ಮತ್ತು ಸ್ಟೀಫನ್ ಹಾಬ್‌ಡೇ 1970ರ ದಶಕದಲ್ಲೇ ಮಾಲ್ಟ್ರಾನ್ ಕೀಬೋರ್ಡ್ ರೂಪಿಸಿದ್ದರು. ನಡುವೆ ಬಾಗಿದ ಮೈಕ್ರೋಸಾಫ್ಟ್ ನ್ಯಾಚುರಲ್ 1994ರಲ್ಲಿ ಬಂತು. ಮಣಿಕಟ್ಟಿನ ಭಂಗಿ ಸುಧಾರಿಸುತ್ತದೆ ಎಂಬುದು ಅಳತೆ ಮಾಡಿ ಕಂಡ ಸಂಗತಿ. ಆದರೆ ಇಂಥ ಕೀಬೋರ್ಡ್ ರೋಗವನ್ನು ಗುಣಪಡಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅಷ್ಟು ಹೇಳುವ ಪುರಾವೆ ಇಲ್ಲ. ಭಂಗಿ ಸುಧಾರಿಸಿದರೂ ಬಿಡುವಿಲ್ಲದೆ ಆರು ಗಂಟೆ ಹೊಡೆದರೆ ಸ್ನಾಯು ದಣಿದೇ ದಣಿಯುತ್ತದೆ.

ನಿಮ್ಮ ಮಟ್ಟಿಗೆ ಹೋಳಾಗುವುದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಈ ಕೀಬೋರ್ಡುಗಳಲ್ಲಿ ಹೆಬ್ಬೆರಳಿಗೆ ಒಂದು ಕೀ ಅಲ್ಲ, ಪ್ರತಿ ಕೈಗೆ ಮೂರೋ ನಾಲ್ಕೋ ಇರುತ್ತವೆ. ಯಾವ ಕೀ ಏನು ಮಾಡಬೇಕು ಎಂಬುದನ್ನೂ ನಾವೇ ಬರೆಯಬಹುದು. ಅಂದರೆ ಶಿಫ್ಟನ್ನು ಕಿರುಬೆರಳಿನಿಂದ ತೆಗೆದು ಹೆಬ್ಬೆರಳಿಗೆ ಕೊಡಬಹುದು. ಸ್ಟಿಕಿ ಕೀಸ್‌ನ ಗುಣವನ್ನೂ ಅದಕ್ಕೇ ಸೇರಿಸಬಹುದು. ಕ್ಯೂಎಂಕೆ ಎಂಬ ಫರ್ಮ್‌ವೇರಿನಲ್ಲಿ (ಕೀಬೋರ್ಡಿನ ಒಳಗೇ ಇರುವ ತಂತ್ರಾಂಶ) ಇದಕ್ಕೆ ಒನ್ ಶಾಟ್ ಎನ್ನುತ್ತಾರೆ, ವೈರ್‌ಲೆಸ್ ಕೀಬೋರ್ಡುಗಳ ಜೆಡ್‌ಎಂಕೆಯಲ್ಲಿ ಸ್ಟಿಕಿ ಕೀ. ಹೆಬ್ಬೆರಳು ಒಮ್ಮೆ ತಟ್ಟಿದರೆ ಮುಂದಿನ ಅಕ್ಷರ ದೀರ್ಘವೋ ಮಹಾಪ್ರಾಣವೋ ಆಗುತ್ತದೆ. ಕನ್ನಡ ಟೈಪ್ ಮಾಡುವ ಕೈಗೆ ಇದಕ್ಕಿಂತ ಒಳ್ಳೆಯ ಒಂದೇ ಒಂದು ಬದಲಾವಣೆ ನನಗೆ ಗೊತ್ತಿಲ್ಲ. ನಡುವೆ ಬಾಗಿದ, ಒಂದೇ ತುಂಡಿನ ಎರ್ಗೊನಾಮಿಕ್ ಕೀಬೋರ್ಡುಗಳು ಅಗ್ಗ, ಸುಲಭವಾಗಿ ಸಿಗುತ್ತವೆ, ಮಣಿಕಟ್ಟಿಗೂ ಹಿತ. ಆದರೆ ಅವುಗಳಲ್ಲಿ ಶಿಫ್ಟ್ ಹಳೆಯ ಜಾಗದಲ್ಲೇ ಇರುತ್ತದೆ.

ಕನ್ನಡ ಬರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ: ಖಂಡಿತ ಬರುತ್ತದೆ. ಕನ್ನಡ ಇರುವುದು ಕೀಬೋರ್ಡಿನಲ್ಲಿ ಅಲ್ಲ, ಕಂಪ್ಯೂಟರಿನಲ್ಲಿ. ಕೀಬೋರ್ಡ್ ಕಳಿಸುವುದು "ಕೆ ಒತ್ತಿದರು" ಎಂಬ ಸುದ್ದಿಯನ್ನು ಮಾತ್ರ. ಅದನ್ನು ಕ ಮಾಡುವುದು ನುಡಿ. ಆದ್ದರಿಂದ ಮೂವತ್ತಾರು ಕೀ ಇರಲಿ, ನೂರು ಕೀ ಇರಲಿ, ಅಕ್ಷರ ಅಚ್ಚಾಗಿರಲಿ, ಬೋಳಾಗಿರಲಿ, ಕನ್ನಡಕ್ಕೆ ವ್ಯತ್ಯಾಸವಿಲ್ಲ. ನಿಮ್ಮ ಇನ್‌ಸ್ಟಾಲ್ ಸಮಸ್ಯೆಗೂ ಇಲ್ಲೇ ಉತ್ತರವಿದೆ. ಕ್ಯೂಎಂಕೆ ತರಹದ ಫರ್ಮ್‌ವೇರಿನಲ್ಲಿ ಕೀ ವಿನ್ಯಾಸ ಕೀಬೋರ್ಡಿನ ಒಳಗಿನ ಚಿಪ್ಪಿನಲ್ಲೇ ಉಳಿಯುತ್ತದೆ. ಮನೆಯ ಇನ್ನೊಂದು ಕಂಪ್ಯೂಟರಿನಲ್ಲಿ ವಯಲ್‌ನಂಥ ತಂತ್ರಾಂಶ ಬಳಸಿ ಬೇಕಾದ ಹಾಗೆ ಹೊಂದಿಸಿ, ಆಮೇಲೆ ಆಫೀಸ್ ಲ್ಯಾಪ್‌ಟಾಪಿಗೆ ಚುಚ್ಚಿದರೆ ಸಾಕು. ಲ್ಯಾಪ್‌ಟಾಪಿನ ಕಣ್ಣಿಗೆ ಅದು ಒಂದು ಮಾಮೂಲಿ ಯುಎಸ್‌ಬಿ ಕೀಬೋರ್ಡ್. ಸಾಫ್ಟ್‌ವೇರ್‌ನಂಥ ಪದಗಳಲ್ಲಿ ಒತ್ತು ಕೂಡಿಕೊಳ್ಳದಂತೆ ತಡೆಯಲು ನೀವು ಒತ್ತುವ ಸಂಯೋಜನೆಯನ್ನೂ ಒಂದೇ ಕೀಗೆ ಕಟ್ಟಿಡಬಹುದು. ಸಬ್‌ಟೈಟಲಿನವರಿಗೆ ಅದು ದಿನಕ್ಕೆ ನೂರಾರು ಸಲ ಬೇಕಾಗುತ್ತದೆ.

ಇನ್ನು ಕೋಲ್‌ಮ್ಯಾಕ್. ಕ್ವರ್ಟಿಯನ್ನು ಟೈಪಿಸ್ಟರ ವೇಗ ತಗ್ಗಿಸಲೆಂದೇ ಮಾಡಿದ್ದು ಎಂಬ ಕಥೆ ಎಲ್ಲೆಡೆ ಓಡಾಡುತ್ತದೆ, ಅದಕ್ಕೆ ಗಟ್ಟಿ ಆಧಾರವಿಲ್ಲ. 1936ರಲ್ಲಿ ಡ್ವೋರಾಕ್ ಎಂಬ ಬೇರೆ ಜೋಡಣೆಗೆ ಪೇಟೆಂಟ್ ಸಿಕ್ಕಿತು, 2006ರಲ್ಲಿ ಶಾಯ್ ಕೋಲ್‌ಮನ್ ಅವರ ಕೋಲ್‌ಮ್ಯಾಕ್ ಬಂತು. ಎರಡೂ ಇಂಗ್ಲಿಷಿನಲ್ಲಿ ಹೆಚ್ಚು ಬರುವ ಅಕ್ಷರಗಳನ್ನು ಬೆರಳುಗಳು ನೆಲೆನಿಲ್ಲುವ ನಡುಸಾಲಿಗೆ ತಂದವು. ಕೋಲ್‌ಮ್ಯಾಕ್ ಕ್ವರ್ಟಿಯ 17 ಕೀಗಳನ್ನು ಕದಲಿಸುತ್ತದೆ. ನುಡಿ ಬಳಸುವವರಿಗೆ ಆ ಕದಲಿಕೆಯಲ್ಲಿ ಕನ್ನಡವೂ ಕದಲುತ್ತದೆ. ಒತ್ತಕ್ಷರಕ್ಕೆ ಬೇಕಾದ ಎಫ್ ಈಗ ನಿಮ್ಮ ಎಡ ತೋರುಬೆರಳಿನ ಕೆಳಗೇ ಇದೆ, ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ. ಕೋಲ್‌ಮ್ಯಾಕ್‌ನಲ್ಲಿ ಅದು ಮೇಲಿನ ಸಾಲಿಗೆ ಹೋಗುತ್ತದೆ. ಕ ಕೆಳಸಾಲಿಗೆ ಇಳಿಯುತ್ತದೆ, ಲ ಮತ್ತು ಳ ಮೇಲೇರುತ್ತವೆ. ಲಾಭವೂ ಇದೆ: ರ, ತ, ನ, ಇ ಮತ್ತು ಎ ಸ್ವರಚಿಹ್ನೆಗಳು ನಡುಸಾಲಿಗೆ ಬರುತ್ತವೆ. ಕೂಡಿಸಿ ಕಳೆದರೆ ಉಳಿಯುವ ಲಾಭ, ತಿಂಗಳುಗಟ್ಟಲೆ ಕುಂಟುವುದಕ್ಕೆ ಸಮವಲ್ಲ. ಕೋಲ್‌ಮ್ಯಾಕನ್ನು ಕೀಬೋರ್ಡಿನ ಬದಲು ವಿಂಡೋಸ್‌ನಲ್ಲಿ ಹಾಕಿಕೊಂಡರೆ ಇನ್ನೊಂದು ತೊಡಕು. ಕನ್ನಡಕ್ಕೆ ಬದಲಿಸಿದಾಗ ಅಕ್ಷರಗಳು ಹಳೆಯ ಜಾಗಕ್ಕೆ ಮರಳುವುದೇ ಹೆಚ್ಚು, ಇಂಗ್ಲಿಷಿಗೆ ಒಂದು ಜಾಗ, ಕನ್ನಡಕ್ಕೆ ಇನ್ನೊಂದು ಜಾಗ ಎಂದು ಬೆರಳುಗಳು ನೆನಪಿಡಬೇಕಾಗುತ್ತದೆ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕನ್ನಡ ಕೀಲಿಮಣೆ ಬಳಸುವ ಓದುಗರಿಗೆ ಒಂದು ಮಾತು: ಅಲ್ಲಿ ಅಕ್ಷರ ಕೂತಿರುವುದು ಕೀಯ ಜಾಗ ನೋಡಿ, ಇಂಗ್ಲಿಷ್ ಧ್ವನಿ ನೋಡಿ ಅಲ್ಲ. ಕೋಲ್‌ಮ್ಯಾಕ್ ಹಾಕಿದ ಕೀಬೋರ್ಡಿನಲ್ಲಿ ಇನ್‌ಸ್ಕ್ರಿಪ್ಟ್ ಚೆಲ್ಲಾಪಿಲ್ಲಿಯಾಗುತ್ತದೆ, ಅದಕ್ಕೆಂದೇ ಕ್ವರ್ಟಿಯ ಬೇರೆ ಪದರ (ಒಂದು ಕೀ ಒತ್ತಿದರೆ ಉಳಿದ ಕೀಗಳ ಕೆಲಸ ಬದಲಾಗುವ ಏರ್ಪಾಡು) ಇಡಬೇಕು. ಡ ಕೂತಿರುವ ಚೌಕಾವರಣದ ಕೀ ಸಣ್ಣ ಕೀಬೋರ್ಡುಗಳಲ್ಲಿ ನೇರವಾಗಿ ಇರುವುದೇ ಇಲ್ಲ. ಇನ್‌ಸ್ಕ್ರಿಪ್ಟಿನವರು 36 ಕೀಗಳ ಕಡೆ ಹೋಗುವುದೇ ಬೇಡ.

ನಿಮಗೂ 36 ಬೇಡ ಅನ್ನುತ್ತೇನೆ. ಸಣ್ಣ ಕೀಬೋರ್ಡಿನ ತರ್ಕ ಚೆನ್ನಾಗಿದೆ, ಬೆರಳು ಒಂದು ಕೀಗಿಂತ ಹೆಚ್ಚು ದೂರ ಹೋಗಬಾರದು ಎಂಬುದು. ಆದರೆ ಅಂಕಿ, ಚಿಹ್ನೆ ಎಲ್ಲವೂ ಪದರಗಳ ಒಳಗೆ ಹೋಗುತ್ತವೆ. ಸಬ್‌ಟೈಟಲ್ ಕೆಲಸದಲ್ಲಿ ಗಂಟೆ, ನಿಮಿಷ, ಸೆಕೆಂಡುಗಳ ಅಂಕಿ ಸದಾ ಬೇಕು. ಕೈ ನೋಯುತ್ತಿರುವಾಗ, ಡೆಡ್‌ಲೈನ್ ಇರುವಾಗ, ಹೊಸ ಆಕಾರ, ಹೊಸ ಹೆಬ್ಬೆರಳು, ಹೊಸ ಪದರ ಎಲ್ಲವನ್ನೂ ಒಟ್ಟಿಗೆ ಕಲಿಯಲು ಹೊರಟವರು ಸಾಮಾನ್ಯವಾಗಿ ಅರ್ಧದಲ್ಲಿ ಬಿಡುತ್ತಾರೆ. ನೀವು ಹೆದರಿರುವ ಮೂಲೆಗಿಡುವಿಕೆ ಆಗುವುದು ಹೀಗೆಯೇ. ಅಂಕಿಗಳ ಸಾಲು ಇರುವ 58 ಕೀಗಳ ಸೋಫ್ಲೆ ಅಥವಾ ಲಿಲಿ58 ತರಹದ್ದು ನೋಡಿ. ಕಾರ್ನ್ ಎಂಬ ಜನಪ್ರಿಯ ಕೀಬೋರ್ಡಿನಲ್ಲಿ 42 ಇವೆ, ಅಂಕಿಸಾಲು ಇಲ್ಲ. ಆಮೇಲೆ ಬೇಕೆನಿಸಿದರೆ ಅಂಕಿಸಾಲನ್ನು ಮುಟ್ಟದೆ ಅಭ್ಯಾಸ ಮಾಡಬಹುದು.

ಹೋಮ್ ರೋ ಮಾಡ್ಸ್ ಎಂಬ ತಂತ್ರವನ್ನೂ ನಿಮ್ಮ ತಮ್ಮ ಹೇಳಿಯೇ ಹೇಳುತ್ತಾರೆ. ನಡುಸಾಲಿನ ಅಕ್ಷರದ ಕೀಯನ್ನು ತಟ್ಟಿದರೆ ಅಕ್ಷರ, ಹಿಡಿದರೆ ಶಿಫ್ಟ್ ಅಥವಾ ಕಂಟ್ರೋಲ್. ಕಂಟ್ರೋಲ್‌ಗೆ ಪರವಾಗಿಲ್ಲ. ಕನ್ನಡದಲ್ಲಿ ಶಿಫ್ಟನ್ನು ಹೀಗೆ ಇಡಬೇಡಿ. ವೇಗವಾಗಿ ಹೊಡೆಯುವಾಗ ಬೆರಳು ಒಂದು ಕ್ಷಣ ಹೆಚ್ಚು ನಿಂತರೆ ಅದು ಹಿಡಿದದ್ದು ಎಂದು ತಿಳಿದು ಮುಂದಿನ ಅಕ್ಷರವನ್ನು ಬದಲಿಸಿಬಿಡುತ್ತದೆ. ಹಿಡಿದ ಅಕ್ಷರವೂ ಬೀಳುವುದಿಲ್ಲ. ಪದವೇ ಕೆಡುತ್ತದೆ, ಕರಡು ತಿದ್ದುವಾಗ ಕಣ್ತಪ್ಪಲೂಬಹುದು.

ಹೆಬ್ಬೆರಳಿನ ಬಗ್ಗೆ ಎಚ್ಚರಿಕೆಯೂ ಬೇಕು. ಅದು ಬಲಶಾಲಿ ಬೆರಳು, ಆದರೆ ಅದರ ಬುಡದ ಕೀಲು ನಲವತ್ತು ದಾಟಿದ ಹೆಂಗಸರಲ್ಲಿ ಸವೆಯುವುದು ಹೆಚ್ಚು. ಶಿಫ್ಟ್, ಸ್ಪೇಸ್, ಎಂಟರ್, ಬ್ಯಾಕ್‌ಸ್ಪೇಸ್, ಪದರ ಬದಲಿಸುವುದು ಎಲ್ಲವನ್ನೂ ಒಂದೇ ಹೆಬ್ಬೆರಳಿಗೆ ಹೊರಿಸಿದರೆ ಕಿರುಬೆರಳಿನ ನೋವು ಹೆಬ್ಬೆರಳಿಗೆ ವಲಸೆ ಹೋಗುತ್ತದೆ, ಇದನ್ನು ಕಂಡಿದ್ದೇನೆ. ಎಡ ಹೆಬ್ಬೆರಳಿಗೆ ಶಿಫ್ಟ್, ಬಲ ಹೆಬ್ಬೆರಳಿಗೆ ಸ್ಪೇಸ್, ಪಕ್ಕದಲ್ಲಿ ಒಂದೊಂದು ಹಗುರ ಕೆಲಸ, ಅಷ್ಟು ಸಾಕು. ಅಂಗೈ ಕೆಳಗೆ ಹೆಬ್ಬೆರಳನ್ನು ಮಡಚಿ ಒತ್ತಬೇಕಾದ ಒಳಗಿನ ಕೀಯನ್ನು ಖಾಲಿ ಬಿಡಿ. ಪ್ರತಿ ಕೀಯ ಕೆಳಗಿರುವ ಸ್ವಿಚ್ ಹಗುರವಾಗಿರಲಿ. ಚೆರ್ರಿ ರೆಡ್ ತರಹದ, ಸುಮಾರು 45 ಗ್ರಾಂ ಒತ್ತಡದವು ನಿಮಗೆ ಸಾಕು. ಟಕಟಕ ಸದ್ದಿನ ಬ್ಲೂ ಅದಕ್ಕಿಂತ ಬಿಗಿ.

ಖರ್ಚಿನ ಮಾತು. ವಿದೇಶದಿಂದ ತರಿಸುವ ವಾಯೇಜರ್‌ನಂಥ ಸಿದ್ಧ ಕೀಬೋರ್ಡುಗಳು ಸುಂಕ ಸೇರಿ ಮೂವತ್ತು ಸಾವಿರ ದಾಟುತ್ತವೆ. ಸೋಫ್ಲೆ, ಕಾರ್ನ್‌ಗಳ ವಿನ್ಯಾಸ ಮುಕ್ತವಾಗಿರುವುದರಿಂದ ಕಿಟ್ ತಂದು ಕಟ್ಟಿಕೊಂಡರೆ, ಅಥವಾ ಕಟ್ಟಿಕೊಡುವವರಿಂದ ಕೊಂಡರೆ ಅದಕ್ಕಿಂತ ಎಷ್ಟೋ ಕಡಿಮೆ. ತಮ್ಮನಿಗೆ ಬೆಸುಗೆ ಹಾಕಲು ಬರುತ್ತದೆಯೇ ಕೇಳಿ. ಬಾರದಿದ್ದರೆ ಕಟ್ಟಿದ್ದನ್ನೇ ತಗೊಳ್ಳಿ. ಎರಡು ಅಂಶ ಮಾತ್ರ ಬಿಟ್ಟುಕೊಡಬೇಡಿ. ಒಂದು, ಹಾಟ್‌ಸ್ವಾಪ್ ಸಾಕೆಟ್. ಸ್ವಿಚ್ ಕೆಟ್ಟರೆ ಕಿತ್ತು ಇನ್ನೊಂದು ಚುಚ್ಚುವುದು, ಬೆಸುಗೆ ಬೇಡ. ಇನ್ನೊಂದು, ಯುಎಸ್‌ಬಿ-ಸಿ ಇರುವ ಕಂಟ್ರೋಲರ್, ಅಂದರೆ ಕೀಬೋರ್ಡನ್ನು ನಡೆಸುವ ಚಿಪ್ಪಿನ ಪುಟ್ಟ ಬೋರ್ಡ್. ಹಳೆಯ ಪ್ರೊ ಮೈಕ್ರೋ ಎಂಬ ಕಂಟ್ರೋಲರ್‌ಗಳ ಮೈಕ್ರೋ ಯುಎಸ್‌ಬಿ ಜ್ಯಾಕ್ ಎಳೆದಾಟಕ್ಕೆ ಕಿತ್ತುಬರುವುದು ಸಾಮಾನ್ಯ. ಬಂದರೂ ಶಿವಮೊಗ್ಗದಲ್ಲಿ ಒಳ್ಳೆಯ ಮೊಬೈಲ್ ರಿಪೇರಿಯವರು ಅಂಥ ಬೆಸುಗೆ ಮಾಡಿಕೊಡಬಲ್ಲರು. ನಿಮ್ಮ ಹತ್ತಿರ ಬೋರ್ಡಿನ ನಕ್ಷೆಯ ಪ್ರಿಂಟ್ ಇದ್ದರೆ ಅವರಿಗೆ ಇನ್ನೂ ಸುಲಭ.

ಮಳೆಗಿಂತ ನಮ್ಮಲ್ಲಿ ಶತ್ರು ತೇವ. ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳುಗಟ್ಟಲೆ ಆರದ ಗಾಳಿಯಲ್ಲಿ ತೆರೆದ ಬೋರ್ಡಿನ ಲೋಹದ ತುದಿಗಳು ಮಂಕಾಗುತ್ತವೆ, ಒಂದು ಕೀ ಎರಡೆರಡು ಸಲ ಹೊಡೆಯತೊಡಗುತ್ತದೆ. ಕೆಳಭಾಗ ಮುಚ್ಚಿರುವ ಕೇಸ್ ಆರಿಸಿ. ರಾತ್ರಿ ಮುಚ್ಚಳವಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮರದ ಕೈದಿಂಬು ಚೆಂದ, ಆದರೆ ಬೂಸಲು ಹಿಡಿಯುತ್ತದೆ. ಗುಡುಗು ಮಿಂಚಿನ ಹೊತ್ತಿಗೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿಡುತ್ತೀರಲ್ಲ, ಕೀಬೋರ್ಡಿನ ತಂತಿಯನ್ನೂ ಕಿತ್ತಿಡಿ. ಎರಡು ಹೋಳುಗಳನ್ನು ಕೂಡಿಸುವುದು ಹೆಚ್ಚಾಗಿ ಟಿಆರ್‌ಆರ್‌ಎಸ್ ಎಂಬ, ಹೆಡ್‌ಫೋನ್ ಪಿನ್ನಿನಂಥ ಕೇಬಲ್. ಯುಎಸ್‌ಬಿ ಚುಚ್ಚಿರುವಾಗ ಅದನ್ನು ಎಂದೂ ಕೀಳಬೇಡಿ, ಹಾಕಲೂ ಬೇಡಿ. ಎಳೆಯುವಾಗ ಪಿನ್ನಿನ ಭಾಗಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಿ ಕಂಟ್ರೋಲರ್ ಸುಡಬಹುದು. ಮನೆಯ ಮಕ್ಕಳಿಗೂ ಇದನ್ನು ಹೇಳಿಡಿ.

ಕೀಬೋರ್ಡ್ ಬಂದ ಮೇಲೆ ಕೆಲಸದ ನಡುವೆ ಶುರುಮಾಡಬೇಡಿ. ಕೀಗಳು ಓರೆ ಸಾಲಿನ ಬದಲು ನೇರ ಕಂಬಗಳಲ್ಲಿ ಇರುವುದರಿಂದ ಮೊದಲ ದಿನಗಳು ನಿಧಾನ. ಬಲಗೈಯಿಂದ ಬ ಒತ್ತುವ, ಎಡಗೈಯಿಂದ ಯ ಒತ್ತುವ ಅಭ್ಯಾಸವಿದ್ದರೆ ಆ ಕೀ ಆಚೆ ಹೋಳಿನಲ್ಲಿರುತ್ತದೆ, ಬೆರಳು ಖಾಲಿ ಮೇಜಿಗೆ ಬಡಿಯುತ್ತದೆ. ಬೆಳಗ್ಗೆ ಕೈ ತಾಜಾ ಇರುವಾಗ ಸ್ವಲ್ಪ ಹೊತ್ತು ಹೊಸದು, ಆಮೇಲೆ ಹಳೆಯದು. ಅಕ್ಷರಗಳ ಜಾಗ ಒಂದೇ ಆದ್ದರಿಂದ ಹೋಗಿಬರುವುದು ಕಷ್ಟವಾಗುವುದಿಲ್ಲ. ಟೆಂಟಿಂಗನ್ನು ಹತ್ತು ಹದಿನೈದು ಡಿಗ್ರಿಯಿಂದ ಶುರುಮಾಡಿ, ಕೆಳಗೆ ಪುಸ್ತಕ ಇಟ್ಟರೂ ಆಗುತ್ತದೆ. ಹೋಳುಗಳನ್ನು ಭುಜದ ಅಗಲಕ್ಕಿಂತ ದೂರ ಇಡಬೇಡಿ. ಹೊಸ ಜಾಗದಲ್ಲಿ ಹೊಸ ನೋವು ಬಂದರೆ ಅಭ್ಯಾಸವಾಗುತ್ತದೆ ಎಂದು ಸಹಿಸದೆ, ಆ ದಿನ ಬದಲಿಸಿದ್ದು ಏನೆಂದು ನೋಡಿ ಅದನ್ನು ಹಿಂದಕ್ಕೆ ತನ್ನಿ.

ಕೊಳ್ಳುವ ಮೊದಲು ಕಂಪನಿಯ ಐಟಿಯವರಿಗೆ ಒಂದು ಮೇಲ್ ಹಾಕಿ. ಕೆಲವು ಕಡೆ ಗುರುತಿಲ್ಲದ ಯುಎಸ್‌ಬಿ ಸಾಧನಗಳನ್ನು ತಡೆದಿರುತ್ತಾರೆ. ಕೈನೋವಿನ ಕಾರಣಕ್ಕೆ ಬೇರೆ ಯುಎಸ್‌ಬಿ ಕೀಬೋರ್ಡ್ ಬಳಸಬೇಕಿದೆ, ಲ್ಯಾಪ್‌ಟಾಪಿನಲ್ಲಿ ಯಾವ ತಂತ್ರಾಂಶವನ್ನೂ ಹಾಕುವುದಿಲ್ಲ ಎಂದು ಎರಡು ಸಾಲು ಬರೆದರೆ ಸಾಕು. ಜೊತೆಗೆ ವೈದ್ಯರ ಚೀಟಿ ಇದ್ದರೆ, ಕೆಲವು ಕಂಪನಿಗಳು ಖರ್ಚನ್ನೂ ಕೊಡುತ್ತವೆ. ಅದನ್ನೂ ಅದೇ ಮೇಲ್‌ನಲ್ಲಿ ಕೇಳಿಬಿಡಿ.